ಅರ್ಧ ಹಲ್ಲಿನ ಚಾಕು

ಭಾನುವಾರ, ತಾರೀಖು ಹದಿನಾಲ್ಕು
ಬೆಳಗಿನ ಹತ್ತು ಗಂಟೆ

ಪ್ರೀತಿಯ ತಂಗಿಗೆ ಅಕ್ಕನ ಆಶೀರ್ವಾದಗಳು.

ನಮ್ಮ ತಮ್ಮನ ಚಾಕುವನ್ನು ಅವನ ಹೆಂಡತಿ ಕೊಂಡು ತಂದಳೆಂದು ನೀನು ಬರೆದಿರುವುದು ತಪ್ಪು. ಅದನ್ನು ಕೊಡಿಸಿದವಳು ನಾನು. ನಿನ್ನ ಪತ್ರದಲ್ಲಿ ಇಂಥ ತಪ್ಪುಗಳು ನಾಲ್ಕಿವೆ. ಕಾಗುಣಿತದವನ್ನು ಇದರಲ್ಲಿ ಸೇರಿಸಿಲ್ಲ; ಅವನ್ನು ಕೆಂಪು ಶಾಯಿಯಲ್ಲಿ ತಿದ್ದಿ, ನಿನ್ನ ಪತ್ರವನ್ನೇ ಇದರೊಂದಿಗೆ ಹಿಂದಿರುಗಿಸುತ್ತಿದ್ದೇನೆ.

ಉತ್ತರ ತಡವಾಯಿತು, ಮನಸ್ಸಿಗೆ ಹಚ್ಚಿಕೊಳ್ಳಬೇಡ. ಪತ್ರ ಬಂದು ಇಪ್ಪತ್ತಮೂರು ದಿನವಾದುದು ನನ್ನ ಗಮನದಲ್ಲಿದೆ. ಬಲಗೈಯ ಹೆಬ್ಬೆರಳ ಕೀಲು ಊದಿಕೊಂಡು ಲೇಖನಿ ಹಿಡಿಯಲಾಗುತ್ತಿರಲಿಲ್ಲವೆಂದು ತಿಳಿದುಕೋ. ನೀನು ಅದೇ ಪತ್ರದ ಪ್ರತಿಗಳನ್ನು ಚಿಕ್ಕಪ್ಪನ ಮನೆಗೂ ದೊಡ್ಡಪ್ಪನ ಮಗಳ ಮನೆಗೂ ಕಳುಹಿಸಿರುವೆಯಂತೆ. ದೊಡ್ಡಪ್ಪನ ಮಗಳು ನನಗೆ ಫೋನು ಮಾಡಿ, ನನ್ನ ಕೈಯಲ್ಲಿರುವ ಪತ್ರವನ್ನೇ ನನಗೆ ಓದಿ ಹೇಳಿದಳು, ಮಧ್ಯೆ ಮಧ್ಯೆ ಅಯ್ಯೋ ಪಾಪ ಸೇರಿಸಿಕೊಂಡು. ಆದ್ದರಿಂದ ಈ ಪತ್ರವನ್ನೂ ಆ ಎರಡು ಮನೆಗಳಲ್ಲಿ ಓದತಕ್ಕದ್ದು. ಚಿಕ್ಕಪ್ಪನಿಗೆ ಕಿವಿ ಮಂದ, ಗಟ್ಟಿಯಾಗಿ ಓದು.

ನಿನ್ನ ಬರವಣಿಗೆಯ ತಿರುಳು ಇಷ್ಟು. ತಮ್ಮನ ಹೆಂಡತಿ ಅಜಾಗರೂಕಳು. ಅವಳು ಗಂಡನಿಗೆ ಕೆಲಸಕ್ಕೆ ಬಾರದ ಚಾಕು ತಂದುಕೊಟ್ಟಳು, ಅದನ್ನು ಅಡುಗೆಮನೆಯಲ್ಲಿ ಬಳಸಿ, ಸಾಣೆಗೆ ಕೊಟ್ಟು ಹಾಳುಮಾಡಿದಳು, ಅಂದು ಬೆಳಗ್ಗೆ ಜಗಳವಾಡಿ ಅವನನ್ನು ಮನೆಯಿಂದ ಕಳುಹಿಸಿದಳು, ಅದರಿಂದ ಅವನು ಕೆಲಸದಲ್ಲಿ ಮೈಮರೆತು ಸತ್ತ. ಇಂಥವಳ ಕೈಯಲ್ಲಿ ಒಂಬತ್ತು ವರ್ಷದ ಹೆಣ್ಣುಮಗುವನ್ನು ಬಿಡಬಾರದು. ವರ್ಷ ತುಂಬುವುದರೊಳಗೆ ಅವಳನ್ನು ನನ್ನ ಮನೆಗೆ ತಂದುಬಿಡಬೇಕು, ನಾನು ಓದಿಸಿ ಬೆಳೆಸಬೇಕು. ನನ್ನನ್ನು ಒಂದು ಮಾತು ಕೇಳುವ ಮೊದಲೇ ಆ ಎರಡು ಮನೆಗಳಿಂದ ಒಪ್ಪಿಗೆ ತೆಗೆದುಕೊಂಡಿದ್ದೀಯೆ. ತೀರ್ಮಾನಕ್ಕೆ ಆಮೇಲೆ ಬರೋಣ. ಮೊದಲು ತಪ್ಪುಗಳು.

ಮೊದಲನೆಯದು, ಚಾಕು ಕೊಂಡದ್ದು. ಲಾಂಚಿನಲ್ಲಿ ತಮ್ಮನಿಗೆ ಹಿರಿಯ ಹಗ್ಗದವನೆಂದು ಬಡ್ತಿಯಾದ ವಾರವದು. ಹಗ್ಗದವನ ಕೆಲಸವೇನೆಂಬುದು ನಿನಗೆ ಇಂದಿಗೂ ಸರಿಯಾಗಿ ಗೊತ್ತಿಲ್ಲ. ನಿನ್ನ ಬೀಗರ ಮುಂದೆ "ಲಾಂಚ್ ಆಫೀಸಲ್ಲಿದಾನೆ" ಎಂದು ಹೇಳಿಕೊಳ್ಳುತ್ತಿದ್ದೆ. ಅವನು ಆಫೀಸಿನಲ್ಲಿರಲಿಲ್ಲ. ಜನರನ್ನೂ ವಾಹನಗಳನ್ನೂ ಹೊತ್ತು ಹೊಳೆ ದಾಟುವ ಲಾಂಚು ದಡ ಮುಟ್ಟಿದಾಗ, ಕಟ್ಟೆಯ ಮೇಲಿನ ಕಬ್ಬಿಣದ ಗೂಟಕ್ಕೆ ಹಗ್ಗ ಎಸೆದು ಬಿಗಿಯುವವನು ಅವನು, ಹೊರಡುವಾಗ ಬಿಚ್ಚುವವನೂ ಅವನೇ. ಬಿಚ್ಚಲು ಬಾರದ ಹಗ್ಗವನ್ನು ಕೊಯ್ದು ಹಾಕಬೇಕಾಗುತ್ತದೆ. ಅದಕ್ಕೆ ಪ್ರತಿಯೊಬ್ಬ ಹಗ್ಗದವನ ಜೇಬಿನಲ್ಲೂ ಮಡಿಸುವ ಚಾಕು ಇರಬೇಕೆಂಬುದು ಅಲ್ಲಿಯ ನಿಯಮ. ಬಡ್ತಿಯ ಉಡುಗೊರೆಯಾಗಿ ಅದನ್ನು ನಾನೇ ಕೊಡಿಸುತ್ತೇನೆಂದು ಹಟ ಹಿಡಿದೆ. ಅಮ್ಮ ಹೋದಾಗ ಅವನಿಗೆ ಮೂರು ವರ್ಷ, ನನಗೆ ಇಪ್ಪತ್ತೊಂದು. ಮನೆಯಲ್ಲಿ ನಾನು ಅಕ್ಕ; ಮುಂದೆ ಶಾಲೆಯಲ್ಲಿ ಟೀಚರ್. ಮಧ್ಯಾಹ್ನ ನನ್ನಿಂದ ಏಟು ತಿಂದವನು ಸಂಜೆ ನನ್ನ ಕೈಯಿಂದಲೇ ಊಟ ಮಾಡಬೇಕಾಗಿತ್ತು. ಅಂಥವನಿಗೆ ಉಡುಗೊರೆ ಕೊಡುವ ಹಕ್ಕು ಇನ್ನಾರಿಗಿದೆಯೆಂದು ನನ್ನ ಎಣಿಕೆ.

ಅಂಗಡಿಯವನು ನನ್ನ ಹಳೆಯ ವಿದ್ಯಾರ್ಥಿ. ಕೊನೆಯ ಬೆಂಚಿನಲ್ಲಿ ಕುಳಿತು ಬಳಪ ತಿನ್ನುತ್ತಿದ್ದುದರಿಂದ ಅವನಿಗೆ ಬಳಪ ಎಂದೇ ಹೆಸರು ಬಿದ್ದಿತ್ತು. ಈಗ ತಲೆ ನರೆತು, ಮೊಳೆ, ಬೀಗ, ಗರಗಸಗಳ ಒಡೆಯನಾದರೂ ಬೀದಿಗೆಲ್ಲ ಅದು ಬಳಪದ ಅಂಗಡಿಯೇ. ನಾನು ಒಳಗೆ ಕಾಲಿಟ್ಟೊಡನೆ ಎದ್ದು ನಿಂತು ಅಂಗಿಯ ಗುಂಡಿ ಹಾಕಿಕೊಂಡ. ಗಾಜಿನ ಪೆಟ್ಟಿಗೆಯಿಂದ ಮೂರು ಚಾಕು ತೆಗೆದು ಹಸಿರು ಬಟ್ಟೆಯ ಮೇಲೆ ಸಾಲಾಗಿ ಬಿಚ್ಚಿಟ್ಟ.

"ಟೀಚರ್, ಇದು ಸಾದಾ. ಹಣ್ಣು, ಕಾಗದ, ಪೆನ್ಸಿಲ್ಲು, ಎಲ್ಲಕ್ಕೂ ಚೆಂದ. ಮೊಂಡಾದ್ರೆ ಮನೇಲೇ ಕಲ್ಲಿಗೆ ಉಜ್ಕೋಬೋದು. ಇದು ಪೂರ್ತಿ ಹಲ್ಲಿಂದು, ಗರಗಸದ ಥರ. ಒದ್ದೆ ಹಗ್ಗ, ನೈಲಾನು, ದಪ್ಪ ಪಟ್ಟಿ, ಇವಕ್ಕೆಲ್ಲ ಇದೇ ಸೈ. ಇದು ಅರ್ಧ ಹಲ್ಲು. ತುದಿ ಕಡೆ ಸಾದಾ, ಹಿಡಿ ಕಡೆ ಹಲ್ಲು."

ತಮ್ಮ ಕ್ಷಣವೂ ಯೋಚಿಸದೆ ಪೂರ್ತಿ ಹಲ್ಲಿನದನ್ನು ಎತ್ತಿಕೊಂಡ. ಬಳಪ ಒಂದು ತುಂಡು ನೈಲಾನ್ ಹಗ್ಗವನ್ನು ನೀರಿನಲ್ಲಿ ಅದ್ದಿ ಕೊಟ್ಟ. ಎರಡೇ ಎಳೆತಕ್ಕೆ ಹಗ್ಗ ಎರಡಾಯಿತು. ಸಾದಾ ಅಲಗು ಅದೇ ಹಗ್ಗದ ಮೇಲೆ ಮೂರು ಸಲ ಜಾರಿ ನಾಲ್ಕನೆಯದಕ್ಕೆ ಕಚ್ಚಿತು. ನಾನು ಚೀಲದಿಂದ ಒಂದು ಹಾಳೆ ತೆಗೆದು ಅದೇ ಹಲ್ಲಿನ ಅಲಗಿಗೆ ಕೊಟ್ಟೆ. ಹಾಳೆಯ ಅಂಚು ನಾಯಿ ಕಚ್ಚಿದಂತಾಯಿತು. ಇದು ಕೊಯ್ಯುವುದಿಲ್ಲ, ಹರಿಯುತ್ತದೆ, ನಾನು ಕೊಡುವುದಾದರೆ ಸಾದಾ ಚಾಕುವನ್ನೇ ಕೊಡುತ್ತೇನೆ ಎಂದೆ.

"ಹಗ್ಗಕ್ಕೇನಕ್ಕ, ಹರಿದ್ರೂ ಸಾಕು" ಎಂದ ಅವನು.

ಒಂದು ಸೇಬನ್ನು ನೆಟ್ಟಗೆ ಹೆಚ್ಚಲಾರದ ಚಾಕು ನನ್ನ ಉಡುಗೊರೆಯಾಗಲಾರದು ಎಂದೆ. ಬಳಪ ಮೇಲೆ ಕೆಳಗೆ ನೋಡತೊಡಗಿದ. ತಮ್ಮ ನಕ್ಕು, ಕೈಯಲ್ಲಿದ್ದುದನ್ನು ಬಟ್ಟೆಯ ಮೇಲಿಟ್ಟು, ಮೂರನೆಯದನ್ನು ತೆಗೆದುಕೊಂಡ. "ಆಯ್ತು ಬಿಡು. ಅರ್ಧ ಅಕ್ಕಂಗೆ, ಅರ್ಧ ಹಗ್ಗಕ್ಕೆ."

ಕಟ್ಟಿಕೊಡುವಾಗ ಬಳಪ ಎರಡು ಮಾತು ಹೇಳಿದ. ಹಲ್ಲಿರುವುದು ಎರಡು ಬೆರಳಗಲ ಮಾತ್ರ, ಅವಸರದಲ್ಲಿ ಹಗ್ಗವನ್ನು ಸರಿಯಾಗಿ ಆ ಜಾಗಕ್ಕೇ ಒತ್ತಬೇಕು ಎಂಬುದೊಂದು. ಬೀದಿಯಲ್ಲಿ ಚಕ್ರ ತಿರುಗಿಸಿಕೊಂಡು ಬರುವ ಸಾಣೆಯವನಿಗೆ ಇದನ್ನು ಕೊಡಕೂಡದು, ಹಲ್ಲುಗಳನ್ನು ಒಂದೊಂದಾಗಿ ಸಣ್ಣ ಅರದಿಂದಲೇ ಚೂಪು ಮಾಡಬೇಕು, ಚಕ್ರಕ್ಕೆ ಹಿಡಿದರೆ ಹಲ್ಲು ಹೋಗಿಬಿಡುತ್ತದೆ ಎಂಬುದು ಇನ್ನೊಂದು. ತಮ್ಮನ ಹೆಂಡತಿ ಆಗ ಮನೆಯಲ್ಲಿದ್ದಳು. ಅಂಗಡಿಯ ಮೆಟ್ಟಿಲನ್ನೂ ಅವಳು ತುಳಿದಿರಲಿಲ್ಲ.

ಎರಡನೆಯ ತಪ್ಪು, ಬೆಳಗಿನ ಜಗಳ. ಜಗಳವಾಗಿರಲಿಲ್ಲ. ಎದುರು ಮನೆಯ ದರ್ಜಿಯನ್ನು ನಾನೇ ಕೇಳಿದ್ದೇನೆ. ಆ ಬೆಳಗ್ಗೆ ಮನೆಯಿಂದ ಕೇಳಿಬಂದ ಕೂಗಾಟ, ಮಗಳ ಒಂದು ಕಾಲುಚೀಲ ಕಾಣೆಯಾದುದಕ್ಕೆ. ಹುಡುಕಿಕೊಟ್ಟವನು ತಮ್ಮ. ಅದು ಅವನ ಜೇಬಿನಲ್ಲೇ ಇತ್ತು. ಮಗಳನ್ನು ಆಟವಾಡಿಸಲು ಬಚ್ಚಿಟ್ಟಿದ್ದ. ಗಂಡ ಹೆಂಡತಿ ಇಬ್ಬರೂ ನಗುತ್ತ ಬಾಗಿಲಿಗೆ ಬಂದರೆಂದು ದರ್ಜಿ ಹೇಳಿದ. ನೀನು ಇನ್ನೂರು ಮೈಲಿ ದೂರದಿಂದ ಇದನ್ನು ಜಗಳವೆಂದು ಕೇಳಿಸಿಕೊಂಡೆ. ನಿನ್ನ ಕಿವಿಯನ್ನು ಮೆಚ್ಚಬೇಕು.

ಮೂರನೆಯದು, ಅವನು ಮೈಮರೆತಿದ್ದನೆಂಬುದು. ಲಾಂಚು ನಡೆಸುವವರು ನನ್ನ ಮನೆಯ ಕುರ್ಚಿಯಲ್ಲಿ ಕುಳಿತು, ಟೋಪಿಯನ್ನು ಮೊಣಕಾಲ ಮೇಲಿಟ್ಟುಕೊಂಡು, ಇದ್ದುದನ್ನು ಇದ್ದಂತೆ ಹೇಳಿದ್ದಾರೆ. ಹೊಳೆಯ ಸೆಳೆತ ಜಾಸ್ತಿಯಿತ್ತು. ಹಿಂಬದಿಯ ಹಗ್ಗ ಗೂಟದಲ್ಲಿ ಸಿಕ್ಕಿಬಿದ್ದಿತ್ತು. ಲಾಂಚು ಆಗಲೇ ಕಟ್ಟೆ ಬಿಟ್ಟು ಸರಿಯುತ್ತಿತ್ತು. ಸಡಿಲವಾಗಿ ಬಿದ್ದಿದ್ದ ಹಗ್ಗದ ಸುರುಳಿ ಬಿಗಿಯುತ್ತ ಬಂದು ತಮ್ಮನ ಕಣಕಾಲನ್ನು ಹಿಡಿಯಿತು. ಅವನು ಕೂಗಲಿಲ್ಲ. ಚಾಕು ತೆಗೆದ, ಬಿಚ್ಚಿದ, ಬಗ್ಗಿ, ಅಲಗಿನ ಹಿಡಿಯ ಕಡೆಯ ಭಾಗವನ್ನೇ, ಹಲ್ಲಿರಬೇಕಾದ ಜಾಗವನ್ನೇ, ಹಗ್ಗಕ್ಕೆ ಒತ್ತಿ ಎಳೆದ. ನಾಲ್ಕು ಸಲ ಎಳೆದದ್ದನ್ನು ಅವರು ಕಿಟಕಿಯಿಂದ ಕಂಡಿದ್ದಾರೆ. ಎಂಜಿನ್ ನಿಲ್ಲಿಸುವಷ್ಟರಲ್ಲಿ ಅವನು ಲಾಂಚಿಗೂ ಕಟ್ಟೆಗೂ ನಡುವೆ ಹೋಗಿದ್ದ. ಆಮೇಲೆ ನೋಡಿದರೆ ಹಗ್ಗದ ಮೇಲೆ ನಾಲ್ಕು ಗೀರುಗಳು ಮಾತ್ರ. "ಅಷ್ಟು ನೆಟ್ಟಗೆ ಕೆಲಸ ಮಾಡೋನನ್ನ ನಾನು ನೋಡಿಲ್ಲಮ್ಮ, ಕೊನೇ ಗಳಿಗೇಲೂ ಕೈ ನಡುಗ್ಲಿಲ್ಲ" ಎಂದರು. ಮೈಮರೆತವನ ವಿಷಯದಲ್ಲಿ ಯಾರೂ ಹೀಗೆ ಹೇಳುವುದಿಲ್ಲ. ಆ ವಾಕ್ಯವನ್ನು ನೀನು ನಿನ್ನ ಕೈಯಾರೆ ಹೊಡೆದುಹಾಕಬೇಕು, ಮೂರು ಪ್ರತಿಗಳಲ್ಲೂ.

ನಾಲ್ಕನೆಯದು, ಆ ಹಲ್ಲುಗಳು ಏನಾದವೆಂಬುದು. ಲಾಂಚಿನವರು ಅವನ ಗಡಿಯಾರ, ಬಾಚಣಿಗೆ, ಚಾಕುಗಳನ್ನು ಕಂದು ಲಕೋಟೆಯಲ್ಲಿ ಹಾಕಿ ಕಳುಹಿಸಿದ ದಿನ ನಾವೆಲ್ಲ ಅವನ ಮನೆಯಲ್ಲಿದ್ದೆವು. ಚಿಕ್ಕಪ್ಪ ಚಾಕು ಬಿಚ್ಚಿ ನೋಡಿ, ಇದರಲ್ಲಿ ಹಲ್ಲೇ ಇಲ್ಲವಲ್ಲ ಎಂದರು. ಅಲಗು ತುದಿಯಿಂದ ಬುಡದವರೆಗೆ ಒಂದೇ ಗೆರೆಯಾಗಿ, ಬುಡದಲ್ಲಿ ಸ್ವಲ್ಪ ಸಣಕಲಾಗಿತ್ತು. ನೀನು ತಮ್ಮನ ಹೆಂಡತಿಯತ್ತ ತಿರುಗಿ ಕೇಳಿದೆ. ಅವಳು ತಲೆ ತಗ್ಗಿಸಿಕೊಂಡೇ "ನಾನೇ ಸಾಣೆಗೆ ಕೊಟ್ಟೆ, ಗೊತ್ತಾಗ್ಲಿಲ್ಲ" ಎಂದಳು. ಅವಳು ಹಾಗೆಂದದ್ದು ನಿಜ. ನೀನು ಬರೆದಿರುವುದರಲ್ಲಿ ಅಷ್ಟು ಮಾತ್ರ ಸರಿಯಾಗಿದೆ. ಮಿಕ್ಕದ್ದನ್ನು ತಿದ್ದಲು ಈ ಹೊತ್ತಿಗೆ ಕೈ ಬರುತ್ತಿಲ್ಲ. ಹೆಬ್ಬೆರಳು ನೋಯುತ್ತಿದೆ.

ಇನ್ನು ಹುಡುಗಿಯ ವಿಷಯ.

ನನಗೆ ಆಸೆಯಿರಲಿಲ್ಲವೆಂದು ತಿಳಿಯಬೇಡ. ನಿನ್ನ ಪತ್ರ ಬಂದ ಮರುದಿನವೇ ಬೀದಿಯ ಕಡೆಯ ಕೋಣೆ ಗುಡಿಸಿ, ಬಡಗಿಯನ್ನು ಕರೆಸಿ, ನನ್ನ ಮೇಜಿನ ಕಾಲುಗಳನ್ನು ನಾಲ್ಕು ಬೆರಳು ಕೊಯ್ಯಿಸಿದೆ, ಅವಳ ಎತ್ತರಕ್ಕೆ. ನಲವತ್ತು ವರ್ಷ ಇತರರ ಮಕ್ಕಳಿಗೆ ಅಕ್ಷರ ಕಲಿಸಿ, ನಾಲ್ಕು ಗಂಟೆಯ ಗಂಟೆ ಹೊಡೆದೊಡನೆ ಅವರನ್ನೆಲ್ಲ ಅವರವರ ತಾಯಂದಿರ ಕೈಗೆ ಒಪ್ಪಿಸಿ, ಬೀಗ ಹಾಕಿದ ಮನೆಗೆ ಹಿಂದಿರುಗಿದವಳು ನಾನು. ಸಂಜೆಯೂ ಹಿಂದಿರುಗಿಸಬೇಕಾಗಿಲ್ಲದ ಒಂದು ಮಗು ಎಂದರೆ ಏನೆಂದು ನಿನಗೆ ತಿಳಿಯದು. ನೀನು ಮೂರು ಹೆತ್ತವಳು.

ನೀನು ಅವಳಿಗೂ ಬರೆದಿದ್ದೆಯಲ್ಲ, ಆ ವಾರವೇ ತಮ್ಮನ ಹೆಂಡತಿ ಬಂದಳು. ನಾನು ಆಳು ಕಳುಹಿಸಿರಲಿಲ್ಲ, ಒಂದು ಮಾತು ಆಡಿರಲಿಲ್ಲ. ಒಂದು ಕೈಯಲ್ಲಿ ಮಗಳು, ಇನ್ನೊಂದರಲ್ಲಿ ಬಟ್ಟೆಯ ಚೀಲ. ಅವಳು ದಿನವಿಡೀ ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಗುಂಡಿ ಹೊಲಿಯುವವಳು. ಬೆರಳ ತುದಿಗಳಲ್ಲಿ ಸೂಜಿಯ ಕಲೆಗಳು. ಒಂದು ಚೀಟಿ ಕೊಟ್ಟಳು. ಹುಡುಗಿಗೆ ಹಾಲು ಆರಿದ ಮೇಲೆ ಕೊಡಬೇಕು, ಎಡಗಿವಿಗೆ ತಣ್ಣನೆ ಗಾಳಿ ಆಗುವುದಿಲ್ಲ, ಗುಡುಗಿದರೆ ಹೆದರುತ್ತಾಳೆ ಆದರೆ ಹೇಳುವುದಿಲ್ಲ. ಚೀಟಿಯಲ್ಲಿ ಐದು ತಪ್ಪುಗಳಿದ್ದವು. ತಿದ್ದಲಿಲ್ಲ. "ನನ್ನ ಕೈಯಲ್ಲಿ ಏನೂ ಉಳಿಯಲ್ಲ ಅಂತಾರಲ್ಲ ಎಲ್ರೂ. ನಿಮ್ಮತ್ರ ಚೆನ್ನಾಗಿರ್ತಾಳೆ ಅಕ್ಕ" ಎಂದಳು. ಮಗಳ ಮುಂದೆ ಅಳಬಾರದೆಂದು ಕುಳಿತುಕೊಳ್ಳದೆಯೇ ಹೋದಳು.

ಹದಿನಾಲ್ಕು ವರ್ಷ ಆ ಹೆಂಗಸಿನ ಮಾತನ್ನು ತಿದ್ದಿದ್ದೇನೆ. ಅವಳು ನನ್ನ ಮನೆಯಲ್ಲಿ ಬಾಯಿ ತೆರೆಯುವ ಮುಂಚೆ ಒಂದು ಕ್ಷಣ ತಡೆಯುವುದನ್ನು ಅಭ್ಯಾಸ ಮಾಡಿಕೊಂಡಿದ್ದಳು. ಅದನ್ನು ನಾನು ಅವಳ ಮಂದಬುದ್ಧಿಯೆಂದು ನಿನಗೆ ಬರೆದಿದ್ದೆ. ನೀನು ಅದನ್ನು ಎಲ್ಲರಿಗೂ ಹಂಚಿದೆ.

ಹುಡುಗಿ ನನ್ನಲ್ಲಿ ಹದಿನೈದು ದಿನ ಇದ್ದಳು. ನಿನ್ನೆ ಮಧ್ಯಾಹ್ನ ನಾನೇ ಅವಳನ್ನು ತಾಯಿಯ ಮನೆಗೆ ಕರೆದುಕೊಂಡು ಹೋಗಿ ಬಿಟ್ಟು ಬಂದೆ. ಅವಳು ಅಲ್ಲಿಯೇ ಬೆಳೆಯುತ್ತಾಳೆ. ಮೇಜನ್ನು ಕೂಡ ನಾಳೆ ಅಲ್ಲಿಗೆ ಕಳುಹಿಸುತ್ತೇನೆ. ಕಾಲು ಕೊಯ್ದ ಮೇಜು ನನಗೆ ಇನ್ನು ಯಾವ ಉಪಯೋಗಕ್ಕೂ ಬರುವುದಿಲ್ಲ. ಈ ವಿಷಯದಲ್ಲಿ ಮತ್ತೆ ಸಭೆ ಸೇರಿಸಬೇಡ, ಚಿಕ್ಕಪ್ಪನಿಂದ ಹೇಳಿಸಬೇಡ. ವರ್ಷ ತುಂಬುವ ದಿನ ತಮ್ಮನ ಮನೆಗೆ ಬರುವುದಾದರೆ ಬಾ. ಬಂದರೆ ಅವಳ ಎದುರು ಕುಳಿತುಕೊಂಡು ಮಾತನಾಡು, ಅವಳ ಬೆನ್ನ ಹಿಂದೆ ಆಡಿದ್ದು ಸಾಕು.

ನಿನ್ನವರಿಗೆ ರಕ್ತದೊತ್ತಡದ ಮಾತ್ರೆ ತಪ್ಪಿಸಬಾರದೆಂದು ಹೇಳು. ದೊಡ್ಡ ಮಗನ ಪರೀಕ್ಷೆ ಚೆನ್ನಾಗಿ ಆಗಲಿ, ಸಣ್ಣವರಿಬ್ಬರ ಕೆಮ್ಮು ಕಡಿಮೆಯಾಗಲಿ. ಮೂವರ ತಲೆಯ ಮೇಲೂ ನನ್ನ ಕೈ ಇದೆಯೆಂದು ತಿಳಿಸು. ನಿನಗೂ ಒಳಿತಾಗಲಿ, ನಿನ್ನ ಮೇಲೆ ಕೋಪವಿದೆ, ಆದರೆ ನಿನಗೆ ಬರೆಯಲು ಕಲಿಸಿದವಳೂ ನಾನೇ.

ಇಂತು,
ನಿನ್ನ ಅಕ್ಕ

ಮರೆತ ಮಾತು: ಮರೆತಿರಲಿಲ್ಲ. ಲಕೋಟೆ ಅಂಟಿಸಿ, ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ. ಪತ್ರ ತಡವಾದುದು ಹೆಬ್ಬೆರಳಿನಿಂದಲ್ಲ. ಹುಡುಗಿ ಮನೆಯಲ್ಲಿರುವಷ್ಟು ದಿನ ನಿನ್ನ ತಪ್ಪುಗಳನ್ನು ತಿದ್ದದೆ ಇರುವುದು ನನಗೆ ಅನುಕೂಲವಾಗಿತ್ತು.

ನಿನ್ನೆ ಬೆಳಗ್ಗೆ ಅವಳು ಬಾಗಿಲ ಮೆಟ್ಟಿಲ ಮೇಲೆ ಲೆಕ್ಕ ಮಾಡುತ್ತ ಕುಳಿತಿದ್ದಳು. ಸಾಣೆಯವನು ಬೀದಿಯಲ್ಲಿ ಕೂಗಿಕೊಂಡು ಬಂದ. ಹುಡುಗಿ ತಲೆಯೆತ್ತಿ, "ಅತ್ತೆ, ಅವತ್ತು ಅಪ್ಪನ ಚಾಕು ಕೊಟ್ರಲ್ಲ, ಇವ್ರೇ ಅಲ್ವಾ? ಅಮ್ಮ ಬೇಡ ಅಂದ್ಲು, ನೀವು ಬೈದ್ರಿ" ಎಂದಳು. ದೂರುವ ದನಿಯಲ್ಲಿ ಹೇಳಲಿಲ್ಲ. ಕೇಳಿದ ಪ್ರಶ್ನೆಗೆ ಉತ್ತರ ಗೊತ್ತಿರುವ ವಿದ್ಯಾರ್ಥಿನಿ ಹೇಳುವಂತೆ ಹೇಳಿ, ಮತ್ತೆ ಲೆಕ್ಕಕ್ಕೆ ತಲೆ ಬಗ್ಗಿಸಿದಳು.

ಅದು ಅವಘಡಕ್ಕೆ ಹನ್ನೊಂದು ದಿನ ಮೊದಲು, ಭಾನುವಾರ. ಅವರು ಮೂವರೂ ಊಟಕ್ಕೆ ಬಂದಿದ್ದರು. ತಮ್ಮನ ಚಾಕುವಿನಿಂದ ನಾನು ಹುಡುಗಿಯ ಪೆನ್ಸಿಲ್ ಚೂಪು ಮಾಡಲು ಹೋದೆ. ಬುಡದ ಹಲ್ಲಿಗೆ ಸಿಕ್ಕಿ ಎರಡು ಸಲ ಸೀಸ ಮುರಿಯಿತು. ಆ ಅರ್ಧಂಬರ್ಧವನ್ನು ಮೂರು ತಿಂಗಳಿಂದ ಸಹಿಸಿದ್ದೆ. ಸಾಣೆಯವನಿಗೆ ಮನೆಯ ಕತ್ತಿ, ಕತ್ತರಿಗಳೊಂದಿಗೆ ಅದನ್ನೂ ಕೊಟ್ಟೆ. ಅವನು ಚಕ್ರ ನಿಲ್ಲಿಸಿ ಕೇಳಿದ: "ಅಮ್ಮ, ಹಲ್ಲು ಇರ್ಲಾ, ಸವೆಸ್ಲಾ?"

ಬಳಪ ಹೇಳಿದ್ದು ನೆನಪಿತ್ತು. ಮರೆತಿದ್ದೆನೆಂದು ಬರೆದರೆ ಅದು ಐದನೆಯ ತಪ್ಪಾಗುತ್ತದೆ.

"ಬೇಡ ಅಕ್ಕ, ಹಗ್ಗಕ್ಕೆ ಹಲ್ಲೇ ಬೇಕಂತಾರೆ ಅವ್ರು" ಎಂದಳು ತಮ್ಮನ ಹೆಂಡತಿ. ನನಗೆ ಪಾಠ ಹೇಳಬೇಡವೆಂದೆ. ಸವೆಸು, ಚಾಕುವೆಂದ ಮೇಲೆ ಒಂದೇ ಗೆರೆಯಲ್ಲಿರಬೇಕು ಎಂದು ಸಾಣೆಯವನಿಗೆ ಹೇಳಿದೆ. ಕಿಡಿ ಹಾರುವುದನ್ನು ತಮ್ಮ ಬಾಗಿಲಿಗೊರಗಿ ನೋಡುತ್ತಿದ್ದ. ಮುಗಿದ ಮೇಲೆ ಅಲಗಿನ ಮೇಲೆ ಹೆಬ್ಬೆರಳಾಡಿಸಿ, ಮಡಿಸಿ, ಜೇಬಿಗೆ ಹಾಕಿಕೊಂಡು, "ಚೆನ್ನಾಗಾಯ್ತಕ್ಕ" ಎಂದ. ನಲವತ್ತಾರು ವರ್ಷದವನು, ಲಾಂಚಿನ ಹಿರಿಯ ಹಗ್ಗದವನು, ನನ್ನೆದುರು ಇನ್ನೂ ಏಟಿಗೆ ಕೈ ಚಾಚಿ ನಿಂತ ಹುಡುಗನೇ ಆಗಿದ್ದ. ಅದು ನನಗೆ ಆಗ ಹೆಮ್ಮೆಯೆನಿಸಿತ್ತು.

ನಿನ್ನೆ ತಮ್ಮನ ಹೆಂಡತಿಯನ್ನು ಕೇಳಿದೆ, ಚಾಕುವನ್ನು ಸಾಣೆಗೆ ಕೊಟ್ಟವಳು ನೀನೇ ಎಂದು ಎಲ್ಲರ ಮುಂದೆ ಏಕೆ ಸುಳ್ಳು ಹೇಳಿದೆಯೆಂದು. ಅವಳು ಎಂದಿನಂತೆ ಒಂದು ಕ್ಷಣ ತಡೆದಳು. ಆಮೇಲೆ ಹೇಳಿದಳು:

"ಅವತ್ತು ಮನೆಗೆ ಹೋಗ್ತಾ ಅವ್ರು ಹೇಳಿದ್ರು, ಒಂದು ತಿಂಗಳು ಬಿಟ್ಟು ಬೇರೆ ತಗೋತೀನಿ, ಈಗ್ಲೇ ತಗೊಂಡ್ರೆ ಬಳಪ ಅಕ್ಕಂಗೆ ಹೇಳ್ಬಿಡ್ತಾನೆ, ಬೇಜಾರು ಮಾಡ್ಕೋತಾಳೆ, ನೀನು ಅಕ್ಕನ ಹತ್ರ ಚಾಕು ಮಾತು ಎತ್ಬೇಡ ಅಂತ. ಆಮೇಲೆ, ಪರ್ವಾಗಿಲ್ಲ ಹೇಳು ಅನ್ನೋಕೆ ಅವ್ರೇ ಇರ್ಲಿಲ್ವಲ್ಲ ಅಕ್ಕ."

ಲಕೋಟೆ ಬಿಚ್ಚಿದ ದಿನ ನೀವೆಲ್ಲ ಅವಳನ್ನು ನೋಡುತ್ತಿದ್ದಿರಿ. ಅವಳು ಉತ್ತರ ಹೇಳುವ ಮೊದಲು ನನ್ನ ಕಡೆ ಒಮ್ಮೆ ನೋಡಿದ್ದಳು. ನಾನು ಕಿಟಕಿಯ ಕಡೆ ತಿರುಗಿಕೊಂಡೆ.

ನಿನ್ನ ಪತ್ರದ ಕೊನೆಯಲ್ಲಿ, ಹಲ್ಲು ಸವೆಸಿದ್ದಕ್ಕೆ ಸಾಕ್ಷಿಯಾಗಿ ಯಾರೂ ಇರಲಿಲ್ಲ, ಅವಳು ಒಬ್ಬಳೇ ಇದ್ದಳು ಎಂದು ಬರೆದಿದ್ದೀಯೆ. ತಿದ್ದಿಕೋ. ಎರಡು ಮನೆಗಳಲ್ಲೂ ಇದನ್ನು ಬಿಡದೆ ಓದು. ಆ ಭಾನುವಾರ ನನ್ನ ಬಾಗಿಲಲ್ಲಿ ಹಾಜರಿದ್ದವರು: ಬೀದಿಯಲ್ಲಿ, ಚಕ್ರದ ಹಿಂದೆ, ಸಾಣೆಯವನು. ಬಾಗಿಲಿಗೊರಗಿ, ನಮ್ಮ ತಮ್ಮ. ಅವನ ಪಕ್ಕದಲ್ಲಿ, ಬೇಡವೆಂದವಳು, ಅವನ ಹೆಂಡತಿ. ಮೆಟ್ಟಿಲ ಮೇಲೆ, ಸೀಸ ಮುರಿದ ಪೆನ್ಸಿಲ್ ಹಿಡಿದುಕೊಂಡು, ಅವರ ಮಗಳು. ಮತ್ತು ನಾನು.